ಊರಿನ ಅಂತರ್ಜಲಕ್ಕೆ ಲೀಟರಿನ ಮಿತಿ: ಲೆಕ್ಕ ಹಾಕಿ ಹಂಚಿಕೊಳ್ಳುವುದು ಹೇಗೆ?

ಮಂಡ್ಯ ಜಿಲ್ಲೆಯ ಕರಿಘಟ್ಟದ ಬಳಿ ಕಾವೇರಿ ಸೇರುವ ಲೋಕಪಾವನಿ ಹೊಳೆಯ ತಗ್ಗಿನ ಊರುಗಳಲ್ಲಿ ವಿಶ್ವೇಶ್ವರಯ್ಯ ನಾಲೆಯ ಬಸಿ ನೀರು ಬಾವಿಗಳಿಗೆ ಇಳಿಯುತ್ತದೆ. ಪಾಂಡವಪುರ, ನಾಗಮಂಗಲದ ಕಡೆ ನಾಲೆ ಏರದ ಊರುಗಳಿಗೆ ಆ ಭಾಗ್ಯವಿಲ್ಲ. ಅಲ್ಲಿ ಭೂಮಿಗೆ ಇಳಿಯುವುದು ಮಳೆ ನೀರು, ಮೇಲೆತ್ತುವುದು ಬೋರ್‌ವೆಲ್. ಇಂಥ ಊರಿನಲ್ಲಿ ಎಷ್ಟು ಬೋರ್ ಇರಬೇಕು, ಎಷ್ಟು ಅಡಿ ಕೊರೆಯಬೇಕು ಎಂದು ವಾದ ಮಾಡಿದರೆ ಮಿತಿ ನಿಲ್ಲುವುದಿಲ್ಲ. ವರ್ಷಕ್ಕೆ ಎಷ್ಟು ಲೀಟರ್ ಎತ್ತಬಹುದು ಎಂಬುದೇ ಮಿತಿ. ಕೆಳಗಿನ ಲೆಕ್ಕ ನಾಲೆ ಇಲ್ಲದ ಊರುಗಳಿಗೆ ಮಾತ್ರ.

ಮೊದಲು ಮಳೆಯ ಲೆಕ್ಕ

ಗ್ರಾಮ ನಕ್ಷೆ ತೆಗೆದುಕೊಂಡು ಬರೀ ಬಂಡೆ ಇರುವ ಗುಡ್ಡಗಳನ್ನು ಕಳೆಯಿರಿ. ಅಲ್ಲಿ ಬಿದ್ದ ಮಳೆ ಇಂಗದೆ ಹರಿದುಹೋಗುತ್ತದೆ. ಉಳಿದದ್ದು 1,000 ಎಕರೆ ಎಂದುಕೊಳ್ಳೋಣ. ರಾಜ್ಯದ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರ ಗ್ರಾಮ ಪಂಚಾಯಿತಿ ಮಟ್ಟದಲ್ಲಿ ಮಳೆಮಾಪಕ ಇಟ್ಟಿದೆ. ಜೂನ್‌ನಿಂದ ನವೆಂಬರ್ ಕೊನೆಯವರೆಗಿನ ಅಂಕಿ ಬರೆದುಕೊಳ್ಳಿ.

ನಮ್ಮದು ಗಟ್ಟಿ ಕಲ್ಲಿನ ನೆಲ. ಬಿದ್ದ ಮಳೆಯಲ್ಲಿ ಶೇ 10ರಷ್ಟು ಮಾತ್ರ ಕೆಳಗಿಳಿಯುತ್ತದೆ ಎಂದು ಹಿಡಿಯುವುದು ಸುರಕ್ಷಿತ. ಒಂದು ಎಕರೆಯ ಮೇಲೆ 1 ಮಿ.ಮೀ. ನೀರೆಂದರೆ 4,047 ಲೀಟರ್. 700 ಮಿ.ಮೀ. ಮಳೆಯಾದರೆ ಇಂಗಿದ್ದು 70 ಮಿ.ಮೀ., 1,000 ಎಕರೆಗೆ 28.3 ಕೋಟಿ ಲೀಟರ್.

ಅಷ್ಟನ್ನೂ ಎತ್ತುವಂತಿಲ್ಲ. ಇಂಗಿದ್ದರಲ್ಲಿ ಶೇ 70 ಮೀರದಿದ್ದರೆ ಕೇಂದ್ರ ಅಂತರ್ಜಲ ಮಂಡಳಿಯ ಲೆಕ್ಕದಲ್ಲಿ ‘ಸುರಕ್ಷಿತ’, ಶೇ 100 ದಾಟಿದರೆ ‘ಅತಿ ಬಳಕೆ’. ಶೇ 70 ಎಂದರೆ 19.8 ಕೋಟಿ ಲೀಟರ್. ಉಳಿದದ್ದು ಹಳ್ಳದ ಹರಿವಿಗೆ, ಬರದ ವರ್ಷಕ್ಕೆ.

ಕುಡಿಯುವ ನೀರು ಮೊದಲು

1,500 ಜನಕ್ಕೆ ದಿನಕ್ಕೆ ತಲಾ 55 ಲೀಟರಿನಂತೆ ವರ್ಷಕ್ಕೆ 3 ಕೋಟಿ ಲೀಟರ್. 600 ದನ-ಎಮ್ಮೆಗಳಿಗೆ ದಿನಕ್ಕೆ ತಲಾ 50 ಲೀಟರಿನಂತೆ 1.1 ಕೋಟಿ. ಬೇಸಾಯಕ್ಕೆ ಉಳಿಯುವುದು 15.7 ಕೋಟಿ ಲೀಟರ್.

ಈಗ ಬೆಳೆ ನೋಡಿ. ಮಳೆ ಕೊಟ್ಟದ್ದನ್ನು ಕಳೆದ ಮೇಲೂ ಕಬ್ಬಿಗೆ ಬೋರ್ ನೀರೇ 1,200 ಮಿ.ಮೀ. ಬೇಕಾದರೆ ಎಕರೆಗೆ 48.6 ಲಕ್ಷ ಲೀಟರ್. ಅಂದರೆ ಸಾವಿರ ಎಕರೆ ಊರಿನ ಇಡೀ ಪಾಲು 32 ಎಕರೆ ಕಬ್ಬಿಗೆ ಮುಗಿದುಹೋಯಿತು! ತೆಂಗಿಗೆ ಎಕರೆಗೆ 60 ಮರ, ಮರಕ್ಕೆ ದಿನಕ್ಕೆ 80 ಲೀಟರ್ ಹನಿ ನೀರು, ಮಳೆ ಇಲ್ಲದ 200 ದಿನ ಎಂದರೆ 9.6 ಲಕ್ಷ ಲೀಟರ್. ಅದೇ ನೀರಿಗೆ 163 ಎಕರೆ ತೋಟ ಉಳಿಯುತ್ತದೆ. ರಾಗಿ ಒಣಗುವ ಹೊತ್ತಿಗೆ ಒಟ್ಟು 100 ಮಿ.ಮೀ. ಕೊಟ್ಟರೆ 380 ಎಕರೆಗೂ ಮೀರಿ ಒದಗುತ್ತದೆ. ಈ ಮೂರು ಅಂಕಿಗಳನ್ನು ಪಂಚಾಯಿತಿ ಗೋಡೆಯ ಮೇಲೆ ದೊಡ್ಡದಾಗಿ ಬರೆಸಿ. ಮುಂಗಾರಿನಲ್ಲೇ ಎತ್ತಿಬಿಟ್ಟ ನೀರನ್ನೂ ಇದರಲ್ಲಿ ಕಳೆಯಬೇಕು.

ಮಳೆ 500 ಮಿ.ಮೀ.ಗೆ ಇಳಿದ ವರ್ಷ ಬೇಸಾಯದ ಪಾಲು 10.1 ಕೋಟಿಗೆ ಬೀಳುತ್ತದೆ. ಜನ, ಜಾನುವಾರಿನ ಪಾಲು ಇಳಿಯದ್ದರಿಂದ ಮಳೆಗಿಂತ ಬೇಸಾಯದ ನೀರೇ ಹೆಚ್ಚು ಕುಸಿಯುತ್ತದೆ. ಹಾಗಾಗಿ ಮಿತಿಯನ್ನು ಪ್ರತಿ ವರ್ಷ ಹೊಸದಾಗಿ ಕಟ್ಟಬೇಕು.

ಬೋರಿನ ನೀರು ಅಳೆಯುವುದು

‘ಎರಡಿಂಚು ನೀರು’ ಎಂಬ ಮಾತನ್ನು ಲೆಕ್ಕಕ್ಕೆ ತರಬೇಡಿ. ಒಬ್ಬರು ಪೈಪಿನ ಇಂಚು ಹೇಳಿದರೆ ಇನ್ನೊಬ್ಬರು ಅಳತೆ ಪೆಟ್ಟಿಗೆಯ ಇಂಚು ಹೇಳುತ್ತಾರೆ. 200 ಲೀಟರಿನ ಡ್ರಮ್ ಇಟ್ಟು ಮೊಬೈಲಿನ ಗಡಿಯಾರದಲ್ಲಿ ಹೊತ್ತು ಹಿಡಿಯಿರಿ. 80 ಸೆಕೆಂಡಿಗೆ ತುಂಬಿದರೆ ಗಂಟೆಗೆ 9,000 ಲೀಟರ್. ಮೋಟರ್ ಹಾಕಿದ ಕೂಡಲೇ ಅಳೆಯಬಾರದು. ಕೇಸಿಂಗಿನಲ್ಲಿ, ಅಂದರೆ ಬೋರಿಗೆ ಇಳಿಸಿದ ಹೊರಗೊಳವೆಯಲ್ಲಿ, ನಿಂತ ನೀರು ಮೊದಲು ಜೋರಾಗಿ ಬಂದು ಮೋಸ ಮಾಡುತ್ತದೆ. ಎರಡು ಗಂಟೆ ಓಡಿದ ಮೇಲೆ ಅಳೆಯಿರಿ, ಏಪ್ರಿಲ್‌ನಲ್ಲಿ ಮತ್ತೊಮ್ಮೆ.

ಊರಿನಲ್ಲಿ 60 ಬೋರ್ ಇದ್ದು ಸಮನಾಗಿ ಹಂಚಿದರೆ ತಲಾ 26 ಲಕ್ಷ ಲೀಟರ್. ಗಂಟೆಗೆ 9,000 ಲೀಟರ್ ಕೊಡುವ ಬೋರನ್ನು ದಿನಕ್ಕೆ 7 ಗಂಟೆ ಓಡಿಸಿದರೆ ಆ ಪಾಲು 41 ದಿನಕ್ಕೆ ಖಾಲಿ. ಸಮಪಾಲು ಎಲ್ಲ ಊರಿಗೂ ಒಪ್ಪುವುದಿಲ್ಲ. ಹಳೇ ತೆಂಗಿನ ತೋಟ ಉಳಿಸಲು ಮೊದಲ ಪಾಲು, ಆಮೇಲೆ ಮನೆಗೊಂದು ಪಾಲು ಎಂದು ಹಂಚುವುದು ನಮಗೆ ಹೆಚ್ಚು ನ್ಯಾಯವಾಗಿ ಕಾಣುತ್ತದೆ. ಬೋರ್ ಇಲ್ಲದ ಮನೆಗೂ ಅಂತರ್ಜಲದಲ್ಲಿ ಪಾಲಿದೆ. ಅವರ ಹೊಲದ ಮೇಲೆ ಬಿದ್ದ ಮಳೆಯೂ ಈ ಲೆಕ್ಕದಲ್ಲಿ ಸೇರಿದೆ.

ಮಟ್ಟ ನೋಡುವುದು

ನೀರು ಎತ್ತದ ಎರಡು-ಮೂರು ಬೋರ್ ಆರಿಸಿ. ಎರಡು ಎಳೆಯ ತಂತಿಯ ತುದಿಗೆ ಸಣ್ಣ ತೂಕ ಕಟ್ಟಿ, ಮೀಟರಿಗೊಂದು ಗುರುತು ಹಾಕಿ, ಇನ್ನೊಂದು ತುದಿಯನ್ನು ಮಲ್ಟಿಮೀಟರಿಗೆ ಸೇರಿಸಿ. ತುದಿ ನೀರಿಗೆ ತಾಗಿದೊಡನೆ ಮುಳ್ಳು ಓಡುತ್ತದೆ. ಮೇಲಿನ ಬಂಡೆಯ ಸೀಳಿನಿಂದ ನೀರು ಸುರಿಯುತ್ತಿದ್ದರೆ ಅದು ತಗುಲಿಯೂ ಮುಳ್ಳು ಓಡೀತು. ಕೇಸಿಂಗಿನೊಳಗೆ ಅರ್ಧ ಇಂಚಿನ ಪಿವಿಸಿ ಪೈಪು ಇಳಿಸಿ ಅದರೊಳಗೆ ತಂತಿ ಬಿಟ್ಟರೆ ಈ ತೊಂದರೆ ಇಲ್ಲ. ಸುತ್ತಲ ಮೋಟರುಗಳು ರಾತ್ರಿಯಿಡೀ ನಿಂತಿದ್ದ ಬೆಳಗ್ಗೆ, ಯಾವಾಗಲೂ ಕೇಸಿಂಗಿನ ಬಾಯಿಂದಲೇ ಅಳೆಯಿರಿ.

ಮೇ ಕೊನೆಯ ಮಟ್ಟಕ್ಕೂ ನವೆಂಬರ್ ಮಟ್ಟಕ್ಕೂ 4 ಮೀಟರ್ ಏರಿಕೆ ಕಂಡರೆ, ಕೊಳೆತ ಕಲ್ಲಿನ ಪದರದಲ್ಲಿ ಶೇ 1.5 ಜಾಗ ನೀರು ಹಿಡಿಯುತ್ತದೆಂದು ಲೆಕ್ಕ ಹಾಕಿದರೆ ಇಂಗಿದ್ದು 60 ಮಿ.ಮೀ. ಆಗುತ್ತದೆ. ಮಳೆ ಲೆಕ್ಕದ 70ಕ್ಕೆ ಹತ್ತಿರವೇ ಇದೆ. ಎರಡರಲ್ಲಿ ಕಡಿಮೆ ಬಂದದ್ದನ್ನು ಹಿಡಿಯಿರಿ.

ಎಲ್ಲಿ ಕೆಡುತ್ತದೆ

ಹೆಚ್ಚು ನೀರು ಪೋಲಾಗುವುದು ಆಟೋ ಸ್ಟಾರ್ಟರಿನಿಂದ. ಥ್ರೀ ಫೇಸ್ ಕರೆಂಟ್ ಬಂದಾಗಲೆಲ್ಲ ಮೋಟರ್ ತಾನೇ ಓಡುತ್ತದೆ, ಗದ್ದೆ ತುಂಬಿದ್ದರೂ. 10 ಎಚ್‌ಪಿವರೆಗೆ ಕರೆಂಟ್ ಉಚಿತವಾದ್ದರಿಂದ ಬಿಲ್ಲಿನ ಭಯವೂ ಇಲ್ಲ. ಸ್ಟಾರ್ಟರಿಗೆ ಟೈಮರ್, ಪೈಪಿಗೆ ನೀರಿನ ಮೀಟರ್ ಹಾಕಿಸಿ, ವಾರಕ್ಕೊಮ್ಮೆ ಪುಸ್ತಕದಲ್ಲಿ ಬರೆಯಿರಿ.

ಎರಡನೆಯದು ಹನಿ ನೀರಾವರಿ. ಎರಡು ಎಕರೆಯಲ್ಲಿ ಉಳಿದ ನೀರನ್ನು ಇನ್ನೆರಡು ಎಕರೆಗೆ ಹರಿಸಿದರೆ ಊರಿಗೆ ಉಳಿದದ್ದೇನೂ ಇಲ್ಲ. ಹನಿ ಹಾಕಿದವರು ಎಕರೆ ಹೆಚ್ಚಿಸುವಂತಿಲ್ಲ ಎಂಬುದು ನಿಯಮದಲ್ಲೇ ಇರಲಿ.

ಇನ್ನು ಹೊಸ ಬೋರ್. ಸಾರ್ವಜನಿಕ ಕುಡಿಯುವ ನೀರಿನ ಮೂಲದಿಂದ 500 ಮೀಟರ್ ಒಳಗೆ ಅನುಮತಿ ಇಲ್ಲದೆ ಕೊರೆಯಬಾರದೆಂದು ರಾಜ್ಯದ 1999ರ ಕಾಯ್ದೆ ಹೇಳುತ್ತದೆ. 2011ರ ಅಂತರ್ಜಲ ಕಾಯ್ದೆಯಡಿ ಅಧಿಸೂಚಿತ ತಾಲ್ಲೂಕುಗಳಲ್ಲಿ ಎಲ್ಲ ಕಡೆಗೂ ಅನುಮತಿ ಬೇಕು. ಅಕ್ಕಪಕ್ಕದ ಎರಡು ಬೋರ್ ಒಂದೇ ಸೀಳನ್ನು ಮುಟ್ಟಿದ್ದರೆ ಆಳವಾದದ್ದಕ್ಕೆ ಹೊಸ ನೀರೇನೂ ಬರುವುದಿಲ್ಲ, ಪಕ್ಕದವರದ್ದು ಬತ್ತುತ್ತದೆ.

ಗ್ರಾಮಸಭೆಯನ್ನು ಡಿಸೆಂಬರ್ ಮೊದಲ ವಾರದಲ್ಲೇ ಕರೆಯಿರಿ. ಬೇಸಿಗೆ ಬೆಳೆಯ ಬಿತ್ತನೆಗೂ, ಕೂಳೆ ಕಬ್ಬು ಬಿಡಬೇಕೋ ಬೇಡವೋ ಎಂಬ ತೀರ್ಮಾನಕ್ಕೂ ಮುಂಚೆ ಪ್ರತಿ ಮನೆಯ ಪಾಲು ಗೋಡೆಯ ಮೇಲಿರಬೇಕು.