ದೂರದ ಸರ್ವರ್‌ಗೆ ವರ್ಚುವಲ್ ಮೀಡಿಯಾ ಮೂಲಕ ಡೆಬಿಯನ್ ಹಾಕಿದ ನನ್ನ ಅನುಭವ

ಜರ್ಮನಿಯ ಫ್ರಾಂಕ್‌ಫರ್ಟ್‌ನ ಡೇಟಾ ಸೆಂಟರೊಂದರಲ್ಲಿ ಬಾಡಿಗೆಗೆ ಪಡೆದ ಡೆಲ್ ಸರ್ವರ್‌ಗೆ ಡೆಬಿಯನ್ 12 ಎಂಬ ಲಿನಕ್ಸ್ ಆಪರೇಟಿಂಗ್ ಸಿಸ್ಟಮ್ಮನ್ನು ಮೈಸೂರಿನಿಂದಲೇ ಹಾಕಬೇಕಾಗಿತ್ತು. ಇಂತಹ ಸರ್ವರ್‌ಗಳ ಮದರ್‌ಬೋರ್ಡಿನಲ್ಲಿ ಬಿಎಂಸಿ ಎಂಬ ಪ್ರತ್ಯೇಕ ಚಿಕ್ಕ ಕಂಪ್ಯೂಟರ್ ಇರುತ್ತದೆ. ಡೆಲ್ ಅದನ್ನು ಐಡ್ರ್ಯಾಕ್ ಎಂದು ಕರೆದರೆ ಎಚ್‌ಪಿಇ ಐಎಲ್ಒ ಎನ್ನುತ್ತದೆ. ಸರ್ವರ್ ಆಫ್ ಆಗಿದ್ದರೂ ಇದು ಎಚ್ಚರವಾಗಿರುತ್ತದೆ, ಪರದೆಯನ್ನು ಬ್ರೌಸರಿನಲ್ಲಿ ತೋರಿಸುತ್ತದೆ ಮತ್ತು ನಾವು ಕೊಟ್ಟ ಐಎಸ್ಒ ಫೈಲನ್ನು (ಇನ್‌ಸ್ಟಾಲ್ ಸಿಡಿಯ ಪೂರ್ಣ ಪ್ರತಿ) ಯುಎಸ್‌ಬಿ ಸಿಡಿ ಡ್ರೈವ್‌ನಂತೆ ಸರ್ವರ್‌ಗೆ ತೋರಿಸುತ್ತದೆ. ಇದೇ ವರ್ಚುವಲ್ ಮೀಡಿಯಾ. ಐಡ್ರ್ಯಾಕ್ 9ರಲ್ಲಿ ಈ ಸೌಲಭ್ಯಕ್ಕೆ ಎಂಟರ್‌ಪ್ರೈಸ್ ಲೈಸೆನ್ಸ್ ಬೇಕಾದ್ದರಿಂದ, ಅದು ಇದೆಯೇ ಎಂಬುದನ್ನು ಬಾಡಿಗೆಗೆ ಒಪ್ಪುವ ಮೊದಲೇ ಕೇಳಿ ತಿಳಿದುಕೊಂಡಿದ್ದೆ.

ಬ್ರೌಸರಿನ ಕನ್ಸೋಲಿನಿಂದಲೇ ನಮ್ಮ ಲ್ಯಾಪ್‌ಟಾಪಿನ ಫೈಲನ್ನು ವರ್ಚುವಲ್ ಸಿಡಿಯಾಗಿ ಜೋಡಿಸುವುದು ಸುಲಭವಾದರೂ ನಾನು ಆ ದಾರಿ ಹಿಡಿಯಲಿಲ್ಲ. ಮೈಸೂರಿನಿಂದ ಅಲ್ಲಿಗೆ ಒಂದು ಪ್ಯಾಕೆಟ್ ಹೋಗಿ ಬರಲು ಸುಮಾರು 150 ಮಿಲಿಸೆಕೆಂಡ್ ಬೇಕು. ಸರ್ವರ್ ಸಿಡಿಯಿಂದ ಒಂದು ತುಣುಕನ್ನು ಕೇಳಿ, ಅದು ಬಂದ ಮೇಲೆ ಮುಂದಿನದನ್ನು ಕೇಳುತ್ತದೆ ಎಂದುಕೊಳ್ಳೋಣ. ತುಣುಕು 64 ಕೆಬಿ ಇದ್ದರೆ ಸೆಕೆಂಡಿಗೆ ಆರೇಳು ತುಣುಕುಗಳು, ಅಂದರೆ 450 ಕೆಬಿಯೂ ದಾಟುವುದಿಲ್ಲ. ಮನೆಯ ಫೈಬರ್ ಎಷ್ಟೇ ವೇಗದ್ದಾದರೂ ಈ ಲೆಕ್ಕ ಬದಲಾಗದು. ಅಲ್ಲದೆ ಬ್ರೌಸರಿನ ಟ್ಯಾಬ್ ಮುಚ್ಚಿಹೋದರೆ ಸಿಡಿಯೂ ನಡುವೆಯೇ ಕಳಚಿಕೊಳ್ಳುತ್ತದೆ. ಆದ್ದರಿಂದ ಐಎಸ್ಒ ಫೈಲು ಸರ್ವರ್‌ಗೆ ಎಷ್ಟು ಹತ್ತಿರವಿದೆ ಎಂಬುದೇ ಈ ಕೆಲಸದಲ್ಲಿ ಮುಖ್ಯವೆಂದು ನಾನು ಭಾವಿಸುತ್ತೇನೆ. ಅದೇ ಡೇಟಾ ಸೆಂಟರಿನಲ್ಲಿದ್ದ ನಮ್ಮ ಪುಟ್ಟ ವರ್ಚುವಲ್ ಮಷೀನಿಗೆ ಐಎಸ್ಒ ಇಳಿಸಿಕೊಂಡು, ಫೈಲು ಕೆಡದೆ ಬಂದಿದೆಯೇ ಎಂದು ಅರಿಯಲು ಎಸ್‌ಎಚ್‌ಎ256 ಮೊತ್ತವನ್ನು ತಾಳೆ ನೋಡಿ, ಎನ್‌ಎಫ್‌ಎಸ್ ಎಂಬ ನೆಟ್‌ವರ್ಕ್ ಫೈಲ್ ವ್ಯವಸ್ಥೆಯ ಮೂಲಕ ಹಂಚಿಕೊಂಡು, ಐಡ್ರ್ಯಾಕ್‌ನ ರಿಮೋಟ್ ಫೈಲ್ ಶೇರ್‌ನಲ್ಲಿ ಅದರ ವಿಳಾಸ ಕೊಟ್ಟೆ. ಇವೆಲ್ಲವೂ ಖಾಸಗಿ ನೆಟ್‌ವರ್ಕಿನೊಳಗೇ ಇದ್ದವು, ನಾನು ವಿಪಿಎನ್ ಮೂಲಕ ಒಳಹೊಕ್ಕಿದ್ದೆ. ಬಿಎಂಸಿಯನ್ನು ಸಾರ್ವಜನಿಕ ಇಂಟರ್ನೆಟ್ಟಿಗೆ ತೆರೆದಿಡುವುದು ಯಂತ್ರದ ಕೀಲಿಕೈಯನ್ನೇ ಒಪ್ಪಿಸಿದಂತೆ.

ಯಾವ ಐಎಸ್ಒ ಎಂಬುದನ್ನೂ ಆರಿಸಬೇಕಿತ್ತು. ಡೆಬಿಯನ್‌ನ 100 ಎಂಬಿಗೂ ಕಡಿಮೆ ಗಾತ್ರದ ಮಿನಿ ಐಎಸ್ಒ ಒಮ್ಮೆ ಮೆಮೊರಿಗೆ ಏರಿದ ಮೇಲೆ ಸಿಡಿಯ ಹಂಗಿಲ್ಲದೆ ಉಳಿದುದನ್ನು ನೆಟ್‌ವರ್ಕಿನಿಂದಲೇ ತರಿಸಿಕೊಳ್ಳುತ್ತದೆ. ಹತ್ತಿರದಲ್ಲಿ ಬೇರೆ ಯಂತ್ರವಿಲ್ಲದವರಿಗೆ ಅದೇ ಸೂಕ್ತ. ಆದರೆ ಅದರಲ್ಲಿ ಫರ್ಮ್‌ವೇರ್ (ಹಾರ್ಡ್‌ವೇರ್ ಭಾಗಗಳೊಳಗೆ ಓಡುವ ತಂತ್ರಾಂಶ) ಇರುವುದಿಲ್ಲ, ಬ್ರಾಡ್‌ಕಾಮ್‌ನ ಕೆಲವು 10 ಗಿಗಾಬಿಟ್ ನೆಟ್‌ವರ್ಕ್ ಕಾರ್ಡುಗಳು ಫರ್ಮ್‌ವೇರ್ ಇಲ್ಲದೆ ಏಳುವುದಿಲ್ಲ. 2023ರ ಜೂನ್‌ನಲ್ಲಿ ಬಂದ ಡೆಬಿಯನ್ 12ರಿಂದ ನೆಟ್‌ಇನ್‌ಸ್ಟ್ ಎಂಬ, ಮೂಲ ವ್ಯವಸ್ಥೆಯನ್ನಷ್ಟೇ ಹೊತ್ತ ಐಎಸ್ಒದಲ್ಲಿ ಅಂತಹ ಫರ್ಮ್‌ವೇರ್ ಸೇರಿರುವುದರಿಂದ ನಾನು ಅದನ್ನೇ ಆರಿಸಿಕೊಂಡೆ.

ಬೂಟ್ ಆಗುವಾಗ ಬೂಟ್ ಮೆನುವಿಗಾಗಿ ಎಫ್11 ಒತ್ತಲು ಕಾದು ಕೂರುವ ಬದಲು, ಮುಂದಿನ ಒಂದು ಬೂಟ್ ಮಾತ್ರ ವರ್ಚುವಲ್ ಸಿಡಿಯಿಂದ ಆಗುವಂತೆ ಐಡ್ರ್ಯಾಕ್‌ನಲ್ಲೇ ಹೊಂದಿಸಿದೆ. ನೆಟ್‌ವರ್ಕ್ ವಿಳಾಸಗಳನ್ನು ತಾನಾಗಿಯೇ ಹಂಚುವ ಡಿಎಚ್‌ಸಿಪಿ ಇಲ್ಲದ ಕಾರಣ ಐಪಿ, ಗೇಟ್‌ವೇ, ಡಿಎನ್‌ಎಸ್ ಎಲ್ಲವನ್ನೂ ಕೈಯಿಂದ ಬರೆಯಬೇಕಾಯಿತು. ಸರ್ವರ್‌ನ ನಾಲ್ಕು ಪೋರ್ಟುಗಳಲ್ಲಿ ಕೇಬಲ್ ಇರುವುದು ಯಾವುದಕ್ಕೆ ಎಂಬುದು ಐಡ್ರ್ಯಾಕ್‌ನ ನೆಟ್‌ವರ್ಕ್ ಪುಟದಲ್ಲಿ ಮ್ಯಾಕ್ (ಪೋರ್ಟಿನ ಹಾರ್ಡ್‌ವೇರ್) ವಿಳಾಸದೊಂದಿಗೆ ಕಾಣುತ್ತದೆ. ಡಿಸ್ಕ್ ಆರಿಸುವಾಗಲೂ ಹೆಸರನ್ನು ನಂಬದೆ ಗಾತ್ರವನ್ನೇ ನೋಡಿದೆ, ಏಕೆಂದರೆ ಐಡ್ರ್ಯಾಕ್‌ನ ವರ್ಚುವಲ್ ಫ್ಲಾಪಿಯೂ ಅದೇ ಪಟ್ಟಿಯಲ್ಲಿ ಬಂದು ಕೂರಬಹುದು.

ಪಾಸ್‌ವರ್ಡ್ ಹಂತದಲ್ಲಿ ವಿಶೇಷ ಎಚ್ಚರ ಬೇಕು. ದೂರದ ಕನ್ಸೋಲಿನಲ್ಲಿ ಕೀಲಿಯಿಂದ ಬೆರಳು ಎತ್ತಿದ ಸುದ್ದಿ ತಡವಾಗಿ ತಲುಪಿದರೆ ಒಂದೇ ಅಕ್ಷರ ಎರಡು ಮೂರು ಬಾರಿ ಮೂಡುತ್ತದೆ, ಚುಕ್ಕಿಗಳ ಸಾಲಿನಲ್ಲಿ ಅದು ಗೊತ್ತಾಗುವುದಿಲ್ಲ. ಹೀಗಾಗಿ ಪಾಸ್‌ವರ್ಡನ್ನು ತೆರೆದು ತೋರಿಸುವ ಆಯ್ಕೆಗೆ ಗುರುತು ಹಾಕಿ, ಕೇವಲ ಅಕ್ಷರ ಮತ್ತು ಅಂಕಿಗಳ ತಾತ್ಕಾಲಿಕ ಪಾಸ್‌ವರ್ಡ್ ಕೊಟ್ಟೆ.

ಸಿಸ್ಟಮ್ಮನ್ನು ಬೂಟ್ ಮಾಡುವ ಗ್ರಬ್ ತಂತ್ರಾಂಶ ಕೂತ ಮೇಲೆ, ಕೊನೆಯ ರೀಬೂಟಿಗೆ ಮುನ್ನ ರಿಮೋಟ್ ಫೈಲ್ ಶೇರನ್ನು ಕಳಚಿದೆ. ಲಾಗಿನ್ ಸಾಲು ಬಂದೊಡನೆ ಎಸ್‌ಎಸ್‌ಎಚ್ (ದೂರದಿಂದ ಸುರಕ್ಷಿತ ಲಾಗಿನ್) ಮೂಲಕ ಸೇರಿ, ಲಾಗಿನ್‌ಗೆ ಬೇಕಾದ ಎಸ್‌ಎಸ್‌ಎಚ್ ಕೀಲಿ ಇಟ್ಟು, ಪಾಸ್‌ವರ್ಡ್ ಲಾಗಿನ್ ನಿಲ್ಲಿಸಿ, ಬೂಟ್ ಸಾಲಿನಲ್ಲಿ ಡೆಬಿಯನ್ ಮೊದಲನೆಯದಾಗಿದೆ ಎಂಬುದನ್ನು ಖಚಿತಪಡಿಸಿಕೊಂಡೆ.