ಎರೆಮಣ್ಣೋ, ಮಸಾರಿಯೋ? ಕುಂಡಕ್ಕೆ ತಾನೇ ನೀರುಣಿಸುವ ಪುಟ್ಟ ಪಂಪ್

ಬೇಸಿಗೆಯಲ್ಲಿ ರಾಯಚೂರಿನ ಬಿಸಿಲು 40 ಡಿಗ್ರಿ ದಾಟುತ್ತದೆ. ಶಾಲೆಗೆ ರಜೆ, ಮನೆಗೆ ಬೀಗ, ಎಲ್ಲರೂ ಊರಿಗೆ. ಮಾಳಿಗೆ ಮೇಲಿನ ತುಳಸಿ, ಮಲ್ಲಿಗೆಗೆ ನೀರು ಹಾಕೋರು ಯಾರು? ಮಣ್ಣು ಒಣಗಿದಾಗ ತಾನೇ ನೀರು ಹಾಕುವ ಪಂಪ್ ಜೋಡಿಸಬಹುದು. ಎಲೆಕ್ಟ್ರಾನಿಕ್ಸ್ ಹೊಸದಾಗಿ ಕಲಿಯುವವರು ಈ ಕೆಲಸದಿಂದಲೇ ಶುರು ಮಾಡಲಿ. ಲೈಟು, ಸೆನ್ಸರ್, ಮೋಟಾರ್ ಮೂರೂ ಇದರಲ್ಲಿವೆ.

ಆರ್ಡುಯಿನೊ ಉನೊ ಆರ್3 ಬೋರ್ಡ್ (ಪ್ರೋಗ್ರಾಂ ಹಾಕಿ ಓಡಿಸುವ ಪುಟ್ಟ ಕಂಪ್ಯೂಟರ್), ಅದರ ಯುಎಸ್‌ಬಿ ಕೇಬಲ್, ಬೆಸುಗೆ ಇಲ್ಲದೆ ವೈರ್ ಜೋಡಿಸುವ ಬ್ರೆಡ್‌ಬೋರ್ಡ್, ಜಂಪರ್ ವೈರ್, ಒಂದು ಎಲ್‌ಇಡಿ, 220 ಓಮ್ ರೆಸಿಸ್ಟರ್, ಮಣ್ಣಿನ ತೇವ ಅಳೆಯುವ ಸೆನ್ಸರ್, 5 ವೋಲ್ಟ್ ರಿಲೇ ಮಾಡ್ಯೂಲ್ (ಬೋರ್ಡ್ ಹೇಳಿದಾಗ ಪಂಪ್ ಹಚ್ಚಿ ಆರಿಸುವ ಸ್ವಿಚ್), ನೀರಲ್ಲಿ ಮುಳುಗಿಸುವ 5 ವೋಲ್ಟ್ ಪಂಪ್, ಸಣ್ಣ ಪೈಪ್, ಹಳೇ ಮೊಬೈಲ್ ಚಾರ್ಜರ್. ಇಷ್ಟು ಸಾಕು.

ಮೊದಲು ಲೈಟು. ಆರ್ಡುಯಿನೊ ಸಾಫ್ಟ್‌ವೇರ್ ಪುಕ್ಕಟೆ ಸಿಗುತ್ತದೆ. ಅದರ ಉದಾಹರಣೆಗಳಲ್ಲಿರುವ ‘ಬ್ಲಿಂಕ್’ ಪ್ರೋಗ್ರಾಂ ಬೋರ್ಡ್‌ಗೆ ಕಳಿಸಿದರೆ ಅದರ ಮೇಲಿನ ಪುಟ್ಟ ದೀಪ ಮಿನುಗುತ್ತದೆ. ಮಿನುಗಿತಾ? ಹಾಗಾದರೆ ಹೊರಗಿನ ಎಲ್‌ಇಡಿ ಜೋಡಿಸಿ. ಬೋರ್ಡ್ ಅಂಚಿನ ವೈರ್ ಸಿಕ್ಕಿಸುವ ತೂತುಗಳೇ ಪಿನ್‌ಗಳು. 8ನೇ ಪಿನ್‌ನಿಂದ ರೆಸಿಸ್ಟರ್, ಅಲ್ಲಿಂದ ಎಲ್‌ಇಡಿಯ ಉದ್ದ ಕಾಲು. ಗಿಡ್ಡ ಕಾಲು ಗ್ರೌಂಡ್‌ಗೆ, ಅಂದರೆ GND ಎಂದು ಬರೆದ ಪಿನ್‌ಗೆ. ಪ್ರೋಗ್ರಾಂನಲ್ಲೂ ಪಿನ್ 8 ಎಂದು ಬದಲಿಸಿ. ರೆಸಿಸ್ಟರ್ ಬಿಟ್ಟರೆ ಕರೆಂಟ್ ಜಾಸ್ತಿ ಹರಿದು ಎಲ್‌ಇಡಿಯೋ ಪಿನ್ನೋ ಸುಡಬಹುದು.

ಈಗ ಸೆನ್ಸರ್. ಎರಡು ಕಡ್ಡಿಯ ಅಗ್ಗದ ಸೆನ್ಸರ್ ಬೇಡ. ಒದ್ದೆ ಮಣ್ಣಲ್ಲಿ ಕರೆಂಟ್ ಹರಿದು ಅದರ ಲೋಹ ಬೇಗ ಸವೆಯುತ್ತದೆ. ಲೋಹ ಮಣ್ಣಿಗೆ ತಾಗದ ಕೆಪಾಸಿಟಿವ್ ಸೆನ್ಸರ್ ಕೇಳಿ ತಗೊಳ್ಳಿ. ಪ್ಲಸ್ 5 ವೋಲ್ಟ್‌ಗೆ, ಮೈನಸ್ ಗ್ರೌಂಡ್‌ಗೆ, ಸಿಗ್ನಲ್ ವೈರ್ ಎ0 ಪಿನ್‌ಗೆ. ‘ಅನಲಾಗ್ ರೀಡ್ ಸೀರಿಯಲ್’ ಉದಾಹರಣೆ ಓಡಿಸಿದರೆ ಪರದೆ ಮೇಲೆ ಅಂಕಿಗಳು ಬರುತ್ತವೆ. ಬೋರ್ಡ್ ಅಳೆಯುವುದು 0ಯಿಂದ 1023ರವರೆಗೆ. ಈ ಸೆನ್ಸರ್‌ನಲ್ಲಿ ಮಣ್ಣು ಒಣಗಿದಷ್ಟೂ ಅಂಕಿ ಏರುತ್ತದೆ. ಸೆನ್ಸರ್ ಮೇಲಿನ ಗೆರೆ ದಾಟಿ ಹೂಳಬೇಡಿ, ತಲೆಭಾಗಕ್ಕೆ ನೀರು ತಾಗಿದರೆ ಕೆಡುತ್ತದೆ.

‘ಅಂಕಿ ಇಷ್ಟು ದಾಟಿದರೆ ಪಂಪ್ ಹಚ್ಚು’ ಎಂದು ಬರೆದ ಪ್ರೋಗ್ರಾಂಗಳು ಬೇಕಾದಷ್ಟು ಸಿಗುತ್ತವೆ. ಆ ಅಂಕಿ ಅದನ್ನು ಬರೆದವರ ಮಣ್ಣಿನದು, ನಮ್ಮದಲ್ಲ. ನಮ್ಮ ಕಡೆ ಒಂದು ಹೊಲ ಎರೆ (ಕಪ್ಪು ಜಿಗುಟು ಮಣ್ಣು), ಪಕ್ಕದ್ದು ಮಸಾರಿ (ಕೆಂಪು ಮಣ್ಣು). ಕಾಲುವೆ ಕೆಳಗಿನ ಕೆಲವು ಕಡೆ ಸವಳು (ಉಪ್ಪು ಮಣ್ಣು) ಬೇರೆ. ಮೂರರಲ್ಲೂ ಸೆನ್ಸರ್ ಬೇರೆ ಬೇರೆ ಅಂಕಿ ಹೇಳುತ್ತದೆ. ಹಾಗಾಗಿ ನಿಮ್ಮ ಕುಂಡದಲ್ಲೇ ಅಳೆಯಿರಿ. ನೀರು ಹಾಕಿ ಹೆಚ್ಚುವರಿ ಬಸಿದ ಮೇಲೆ ಒಂದು ಅಂಕಿ, ಎಲೆ ಬಾಡುವ ಮೊದಲು ಮಣ್ಣು ಒಣಗಿದಾಗ ಒಂದು ಅಂಕಿ ಬರೆದಿಟ್ಟುಕೊಳ್ಳಿ. ಪಂಪ್ ಹಚ್ಚುವ ಅಂಕಿ ಈ ಎರಡರ ನಡುವೆ, ಒಣ ಅಂಕಿಗೆ ಹತ್ತಿರ ಇರಲಿ. ಎರೆಮಣ್ಣಲ್ಲಿ ಇನ್ನೊಂದು ತಕರಾರಿದೆ. ಅದು ಒಣಗಿದರೆ ಬಿರಿಯುತ್ತದೆ. ಬಿರುಕು ಸೆನ್ಸರ್ ಪಕ್ಕದಲ್ಲೇ ಬಿದ್ದರೆ ಅದು ಅಳೆಯುವುದು ಗಾಳಿಯನ್ನು, ಮಣ್ಣನ್ನಲ್ಲ. ಕುಂಡಕ್ಕೆ ಒಂದಿಷ್ಟು ಮರಳು, ಗೊಬ್ಬರ ಬೆರೆಸಿದರೆ ಬಿರುಕು ಕಡಿಮೆ.

ಪಂಪ್ ಅನ್ನು ನೇರ ಪಿನ್‌ಗೆ ಜೋಡಿಸಲೇಬೇಡಿ. ಒಂದು ಪಿನ್ ಸಲೀಸಾಗಿ ಕೊಡುವುದು 20 ಮಿಲಿಆಂಪ್, ಪಂಪ್‌ಗೆ ಅದಕ್ಕಿಂತ ಎಷ್ಟೋ ಜಾಸ್ತಿ ಬೇಕು. ಅದಕ್ಕೇ ರಿಲೇ. ಅದರ ಸಿಗ್ನಲ್ 7ನೇ ಪಿನ್‌ಗೆ, ಪ್ಲಸ್ ಮೈನಸ್ ಬೋರ್ಡ್‌ನ 5 ವೋಲ್ಟ್, ಗ್ರೌಂಡ್‌ಗೆ. ಚಾರ್ಜರ್‌ನ ಪ್ಲಸ್ ವೈರ್ ರಿಲೇಯ ‘ಕಾಮನ್’ (COM) ತುದಿಗೆ, ‘ನಾರ್ಮಲಿ ಓಪನ್’ (NO) ತುದಿಯಿಂದ ಪಂಪ್‌ನ ಪ್ಲಸ್‌ಗೆ. ಚಾರ್ಜರ್‌ನ ಮೈನಸ್ ನೇರ ಪಂಪ್‌ಗೆ. ಬಹಳಷ್ಟು ರಿಲೇ ಮಾಡ್ಯೂಲ್‌ಗಳು ಉಲ್ಟಾ: ಪಿನ್ ‘ಲೋ’ (0 ವೋಲ್ಟ್) ಆದಾಗ ಆನ್ ಆಗುತ್ತವೆ. ಪಂಪ್ ಕೂಡಿಸುವ ಮೊದಲೇ ಟಕ್ ಸದ್ದು ಕೇಳಿ ನೋಡಿಕೊಳ್ಳಿ.

ಪ್ರೋಗ್ರಾಂ ಸರಳ. ಅಂಕಿ ಗಡಿ ದಾಟಿದರೆ ಎಲ್‌ಇಡಿ ಹಚ್ಚು, 3 ಸೆಕೆಂಡ್ ಪಂಪ್ ಓಡಿಸು, 10 ನಿಮಿಷ ಸುಮ್ನಿರು, ಮತ್ತೆ ಅಳೆ. ಈ ಕಾಯುವಿಕೆ ಮುಖ್ಯ. ಮಸಾರಿಯಲ್ಲಿ ನೀರು ಬೇಗ ಇಳಿಯುತ್ತದೆ, ಎರೆಯಲ್ಲಿ ನಿಧಾನ. ಕಾಯದಿದ್ದರೆ ಕುಂಡ ತುಂಬಿ ಹರಿಯುತ್ತದೆ, ಅಲ್ವಾ?

ನೀರಿನ ಬಕೆಟ್ ಕುಂಡಕ್ಕಿಂತ ಕೆಳಗಿರಲಿ. ಮೇಲಿದ್ದರೆ ಪಂಪ್ ನಿಂತರೂ ಪೈಪ್‌ನಲ್ಲಿ ನೀರು ತಾನಾಗಿಯೇ ಹರಿದು ಬಕೆಟ್ ಖಾಲಿಯಾಗುತ್ತದೆ. ಖಾಲಿ ಬಕೆಟ್‌ನಲ್ಲಿ ಓಡಿದ ಪಂಪ್ ಸುಡುತ್ತದೆ. ಬೋರ್ಡ್, ರಿಲೇ, ಚಾರ್ಜರ್ ನೆರಳಿನಲ್ಲಿ, ನೀರು ಸಿಡಿಯದ ಡಬ್ಬಿಯಲ್ಲಿರಲಿ.

ಇದನ್ನೇ ಹೊಲದ ಬೋರ್‌ವೆಲ್ ಮೋಟಾರ್‌ಗೂ ಹಾಕಬಹುದಾ ಅಂತ ಕೇಳುವವರಿದ್ದಾರೆ. ಬೇಡ. ಈ ಪುಟ್ಟ ರಿಲೇ ತ್ರೀ ಫೇಸ್ ಮೋಟಾರ್‌ನ ಹೊರೆ ತಡೆಯುವುದಿಲ್ಲ. ಅದಕ್ಕೆ ಸ್ಟಾರ್ಟರ್ ಬೇಕು, ಕೆಲಸ ಗೊತ್ತಿರುವ ಎಲೆಕ್ಟ್ರಿಷಿಯನ್ ಬೇಕು.