ಇದ್ದಿಲಿಗೆ ಮೊದಲು ಹೊಟ್ಟೆ ತುಂಬಿಸಿ

ಕಾಸರಗೋಡು ಪೇಟೆಯ ಮಗಳ ಮನೆಗೆ ಹೋದವಳು ತಾರಸಿ ಹತ್ತಿ ನೋಡಿದೆ. ಹರಿವೆ ಗಿಡಗಳೆಲ್ಲ ಅರಸಿನ ಹಚ್ಚಿದ ಹಾಗೆ ಹಳದಿ. "ಬಯೋಚಾರ್ ಹಾಕಿದ್ದೇನೆ ಅಜ್ಜಿ" ಅಂದ ಮೊಮ್ಮಗ, ಏನೋ ದೊಡ್ಡ ಕೆಲಸ ಮಾಡಿದವನ ಹಾಗೆ. ಮಣ್ಣಿಗೆ ಬೆರೆಸುವ ಇದ್ದಿಲಿಗೆ ಈಗ ಆ ಹೆಸರಂತೆ. ಗ್ರೋಬ್ಯಾಗಿಗೆ ಕೈ ಹಾಕಿದರೆ ನಿಂಬೆಹಣ್ಣಿನ ಗಾತ್ರದ ಒಣ ಇದ್ದಿಲು, ಅದೂ ಅರ್ಧಕ್ಕರ್ಧ! ಮಾಣಿ, ಇದ್ದಿಲಿನ ಮೈಯೆಲ್ಲ ತೂತು. ಹಸಿದುಕೊಂಡು ಮಣ್ಣಿಗೆ ಹೋದರೆ ಗಿಡಕ್ಕೆ ಸಿಗಬೇಕಾದ ಸಾರವನ್ನೆಲ್ಲ ಮೊದಲು ಅದೇ ಹೀರಿಬಿಡುತ್ತದೆ.

ನಮಗೆ ಈ ಬಯೋಚಾರ್ ಹೆಸರು ಗೊತ್ತಿರಲಿಲ್ಲ. ಸುಡುಮಣ್ಣು ಗೊತ್ತಿತ್ತು. ನಮ್ಮ ಅತ್ತೆ ತರಗೆಲೆ, ಕಸಕಡ್ಡಿ ರಾಶಿ ಹಾಕಿ, ಮೇಲೆ ಮಣ್ಣು ಮುಚ್ಚಿ ಬೆಂಕಿ ಕೊಡುತ್ತಿದ್ದರು. ಅದು ಮೆಲ್ಲಗೆ ದಿನಗಟ್ಟಲೆ ಹೊಗೆಯಾಡುತ್ತಿತ್ತು. ಆ ಮಣ್ಣಿನ ಅಲಸಂಡೆಗೆ ಗೊಬ್ಬರದ ಚಿಂತೆಯೇ ಇರಲಿಲ್ಲ. ಪೇಟೆಯಲ್ಲಿ ಅಷ್ಟು ಹೊಗೆ ಎಬ್ಬಿಸಿದರೆ ಪಕ್ಕದ ಮನೆಯವರು ಸುಮ್ನೆ ಬಿಡ್ತಾರಾ?

ನಮ್ಮ ಊರಿನದು ಮುರಕಲ್ಲಿನ ಕೆಂಪು ಮಣ್ಣು, ಹುಳಿ ಜಾಸ್ತಿ. ವರ್ಷಕ್ಕೆ 3000 ಮಿಲಿಮೀಟರ್ ದಾಟುವ ಮಳೆ ಇದ್ದ ಸಾರವನ್ನೂ ತೊಳೆದುಕೊಂಡು ಹೋಗುತ್ತದೆ. ಇದ್ದಿಲು ಅದನ್ನು ಹಿಡಿದಿಡುತ್ತದೆ, ಬೇಸಗೆಯಲ್ಲಿ ನೀರನ್ನೂ. ಸೆಗಣಿ ಗೊಬ್ಬರದ ಹಾಗೆ ಒಂದೆರಡು ವರ್ಷದಲ್ಲಿ ಕರಗಿ ಹೋಗುವ ವಸ್ತುವೂ ಅಲ್ಲ.

ಸುಡುವುದಕ್ಕೆ ತೆಂಗಿನ ಗೆರಟೆಯೇ ಸಾಕು. ಚೆನ್ನಾಗಿ ಒಣಗಿರಲಿ. ಗುಂಡಿಯಲ್ಲೋ ಹಳೇ ಕಡಾಯಿಯಲ್ಲೋ ತುಂಬಿ ಮೇಲಿನಿಂದ ಬೆಂಕಿ ಕೊಡಿ, ಹೊಗೆ ಕಡಿಮೆ. ಕೆಂಡದ ಅಂಚಿಗೆ ಬೆಳ್ಳಗೆ ಬೂದಿ ಕಾಣಿಸಿತೋ, ತಕ್ಷಣ ನೀರು ಹೊಯ್ಯಿರಿ. ಆವಿ ಮುಖಕ್ಕೆ ಬಡಿಯುತ್ತದೆ, ದೂರ ನಿಲ್ಲಿ. ಫೋನ್ ನೋಡುತ್ತಾ ಕೂತರೆ ಉಳಿಯುವುದು ಬರೀ ಬೂದಿ. ಬೂದಿಯನ್ನೂ ಎಸೆಯಬೇಡಿ, ದೀಪ ತಿಕ್ಕುವುದಕ್ಕೆ ಆಗುತ್ತದೆ. ಆದರೆ ತಿಕ್ಕುವ ಮೊದಲು ತೆಳು ಬಟ್ಟೆಯಲ್ಲಿ ಜರಡಿ ಹಿಡಿಯಿರಿ. ನನ್ನ ಸೊಸೆ ಹಾಗೇ ತಿಕ್ಕಿ ಕಾಲುದೀಪದ ಮೈಯೆಲ್ಲ ಗೀರು ಮಾಡಿಟ್ಟಿದ್ದಾಳೆ.

ಇನ್ನು ನಾನು ಬಿಟ್ಟುಕೊಡದ ವಿಷಯ, ನೆನೆಹಾಕುವುದು. ಇದ್ದಿಲು ಒದ್ದೆ ಇರುವಾಗಲೇ ಗೋಣಿಚೀಲದಲ್ಲಿ ಕಟ್ಟಿ ಒನಕೆಯಿಂದ ಜಜ್ಜಿ. ಒಣಗಿದ್ದನ್ನು ಜಜ್ಜಿದರೆ ಕಪ್ಪು ಧೂಳು ಎದೆಗೆ ಹೋಗುತ್ತದೆ. ಕಡಲೆಕಾಳಿನಷ್ಟಾದರೆ ಸಾಕು, ಹಿಟ್ಟು ಮಾಡಬೇಡಿ. ಬಾಲ್ದಿಯಲ್ಲಿ ಹಾಕಿ, ಹಸಿ ಸೆಗಣಿ ಕದಡಿದ ನೀರು ಮುಳುಗುವಷ್ಟು ಹೊಯ್ಯಿರಿ. ಗಂಜಳ ಸಿಕ್ಕರೆ ಒಂದೆರಡು ಚೊಂಬು. ಮೇಲೊಂದು ಮುಷ್ಟಿ ಬೆಲ್ಲ, ಹಳೇ ಕಪ್ಪು ಬೆಲ್ಲವೇ ಆಗಬೇಕು. ದಿನಾ ಅಕ್ಕಿ ತೊಳೆದ ನೀರನ್ನು ಅದಕ್ಕೇ ಹೊಯ್ದು ತಳದಿಂದ ಕದಡಿ. ಕೋಲು ಬಾಲ್ದಿಯಲ್ಲೇ ಇರಲಿ, ಹುಡುಕಬೇಕಾಗಿ ಬಂದರೆ ನೀವು ಕದಡುವುದಿಲ್ಲ, ನನಗೆ ಗೊತ್ತು. ಸೊಳ್ಳೆ ಬಾರದ ಹಾಗೆ ಬಟ್ಟೆ ಕಟ್ಟಿ. ಮೊದಲು ಗುಳುಗುಳು ಗುಳ್ಳೆ ಬರುತ್ತದೆ, ತೇಲುತ್ತಿದ್ದ ಚೂರು ಒಂದೊಂದಾಗಿ ತಳಕ್ಕೆ ಇಳಿಯುತ್ತದೆ. ಹದಿನೈದು ದಿನವಾದ ಮೇಲೆ ಒಂದು ಚೂರು ಮುರಿದು ನೋಡಿ. ಒಳಗೂ ಒದ್ದೆ ಇದ್ದರೆ ಅದರ ಹೊಟ್ಟೆ ತುಂಬಿತು. ಒಣಗಿದ್ದರೆ ಇನ್ನೊಂದು ವಾರ.

ಹತ್ತು ಬುಟ್ಟಿ ಮಣ್ಣಿಗೆ ಒಂದು ಬುಟ್ಟಿ ನೆನೆದ ಇದ್ದಿಲು, ಜೊತೆಗೆ ಗೊಬ್ಬರ ಯಾವಾಗಲೂ ಹಾಕುವಷ್ಟು. ಬಸಳೆ ಬುಡಕ್ಕೆ ಬೇಕಾದರೆ ಇನ್ನೊಂದು ಹಿಡಿ.

ಮೊಮ್ಮಗನ ಹತ್ತಿರ ಆ ಗ್ರೋಬ್ಯಾಗ್‌ಗಳನ್ನೆಲ್ಲ ಸುರಿಸಿ, ಇದ್ದಿಲು ಹೆಕ್ಕಿಸಿ, ನೆನೆಹಾಕಿಸಿಯೇ ಬಂದೆ. ಮೊನ್ನೆ ಫೋನ್ ಮಾಡಿದ್ದ. ಹರಿವೆ ದಂಟಿನ ಬೆಂದಿ ಮಾಡಿದರಂತೆ. "ಆ ಬಾಲ್ದಿ ತೊಳೆದಿಟ್ಟೆಯಾ?" ಅಂತ ಕೇಳಿದೆ. ಉತ್ತರ ಇಲ್ಲ.